ಕತ್ತರಿ ಮೇಷ್ಟ್ರ ಮಣ್ಣು

"ಮೊದಲು ಆ ಕತ್ತರಿ ಕೆಳಗಿಳಿಸಿ," ಎಂದು ಕಾವ್ಯ ಗೇಟಿನ ಬಳಿ ನಿಂತು ಕೂಗುತ್ತಿದ್ದಳು. ಆಟೋ ಸ್ಟ್ಯಾಂಡಿನ ಇಬ್ಬರು ಲೈಟ್ ಕಂಬಕ್ಕೆ ಏಣಿ ಹಾಕಿ ಫ್ಲೆಕ್ಸಿನ ಒಂದು ಮೂಲೆ ಕಟ್ಟಿ ಮುಗಿಸಿದ್ದರು. ಇನ್ನೊಂದು ಮೂಲೆ ಗಾಳಿಗೆ ಪಟಪಟನೆ ಬಡಿಯುತ್ತಿತ್ತು. ನಡುವೆ ಅವಳ ಅಪ್ಪ ರೇಣುಕಾಪ್ರಸಾದರ ಫೋಟೋ. ಅದರ ಕೆಳಗೆ, 'ಉಪ್ಪಾರಹಳ್ಳಿಯ ಹೆಮ್ಮೆಯ ಕತ್ತರಿ ಮೇಷ್ಟ್ರು ಇನ್ನಿಲ್ಲ'. ಎರಡೂ ಬದಿಗೆ ಬಾಯಿ ತೆರೆದ ದೊಡ್ಡ ಕತ್ತರಿಗಳು. ಸಾಲದ್ದಕ್ಕೆ ಒಂದರ ಪಕ್ಕ ದಾರದ ಉಂಡೆ.

"ಯಾಕಮ್ಮ, ಚೆನ್ನಾಗೈತಲ್ಲ," ಎಂದ ಏಣಿಯ ಮೇಲಿದ್ದವನು. "ಸಾರ್ ಟೈಲರಿಂಗ್ ಕಾಲೇಜಲ್ಲಿದ್ರು ಅಂತ ಫ್ಲೆಕ್ಸ್ ಅಂಗ್ಡಿಯೋನೇ ಸೇರಿಸ್ದ. ಅದಕ್ಕೇನೂ ಎಕ್ಸ್‌ಟ್ರಾ ಇಸ್ಕಳ್ಳಿಲ್ಲ."

"ಟೈಲರಿಂಗ್ ಅಲ್ಲಣ್ಣ, ಬಯೋಕೆಮಿಸ್ಟ್ರಿ."

"ಅದೇ ಕಣಮ್ಮ."

ತಪ್ಪು ಅವನದಲ್ಲ. ಮೇಷ್ಟ್ರು ಬೆಂಗಳೂರಿನಲ್ಲಿ ಪಿಎಚ್.ಡಿ ಮಾಡುತ್ತಿದ್ದಾಗ ಅವರ ತಾಯಿ ಶಕುಂತಲಮ್ಮ, "ಅದೇನ್ಲಾ ಓದ್ತಿರೋದು ನೀನು?" ಎಂದು ಕೇಳಿದ್ದರು. "ಕಣ್ಣಿಗೆ ಕಾಣದ ಕತ್ತರಿ ಕಣಮ್ಮ. ಡಿಎನ್‌ಎ ಕತ್ತರಿಸುತ್ತೆ," ಎಂದು ಮಗ ಹೇಳಿದ. ಡಿಎನ್‌ಎ ಅವರ ನಾಲಗೆಗೆ ಹತ್ತಲಿಲ್ಲ, ಕತ್ತರಿ ಹತ್ತಿತು. ಅವರು ಅದನ್ನು ಗುಬ್ಬಿಯ ನೆಂಟರಿಗೆಲ್ಲ ಹಂಚಿದರು, ತುಮಕೂರಿಗೆ ಮಗನ ಮನೆಗೆ ಬಂದ ಮೇಲೆ ಉಪ್ಪಾರಹಳ್ಳಿಗೂ ಹಂಚಿದರು. ಒಂದು ವರ್ಷದೊಳಗೆ ಮನೆಯ ಮುಂದೆ ಬ್ಲೌಸ್ ಪೀಸ್ ಹಿಡಿದು ಹೆಂಗಸರು ನಿಲ್ಲತೊಡಗಿದರು. ಮೇಷ್ಟ್ರಿಗೆ ಯಾರಿಗೂ ಇಲ್ಲವೆನ್ನುವ ಸ್ವಭಾವವಿರಲಿಲ್ಲ. ಆ ಪೀಸುಗಳನ್ನು ತಾವೇ ಮುಂದಿನ ರಸ್ತೆಯ ಟೈಲರಿಗೆ ಕೊಟ್ಟು ಬರುತ್ತಿದ್ದರು.

ಒಳಗೆ ಹಾಲಿನಲ್ಲಿ ಅವರನ್ನು ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಬಿಲ್ವಪತ್ರೆ, ಎಡ ಅಂಗೈಯಲ್ಲಿ ಇಷ್ಟಲಿಂಗ. ನಿನ್ನೆ ಸಂಜೆ ಕಾಲೇಜಿನಿಂದ ಬಂದವರು ಷೂ ಬಿಚ್ಚಲು ಬಗ್ಗಿದರು, ಮತ್ತೆ ಏಳಲಿಲ್ಲ. ಡಾಕ್ಟರು ಹಾರ್ಟ್ ಎಂದರು. ಒಂದು ಷೂ ಅವರೇ ಬಿಚ್ಚಿದ್ದರು. ಇನ್ನೊಂದರ ಲೇಸಿನ ಗಂಟನ್ನು ಹೆಂಡತಿ ಮಾಲಿನಿ ಬಿಚ್ಚಬೇಕಾಯಿತು.

ಆ ಗಂಟು ಯಾಕಷ್ಟು ಬಿಗಿಯಾಗಿತ್ತು ಎಂದು ಅವಳು ಬೆಳಗಿನಿಂದ ಯೋಚಿಸುತ್ತಿದ್ದಳು. ಅಳು ಬಂದಿರಲಿಲ್ಲ. ಬರುತ್ತದೇನೋ ಎಂದು ಕಾದಳು, ಕಾದು ಬೇಸತ್ತು ಬಿಟ್ಟಳು. ಬಂದವರು ಕೈ ಹಿಡಿದರೆ ಹಿಡಿಯಲು ಬಿಟ್ಟಳು. ತಬ್ಬಿಕೊಂಡು ಅತ್ತವರ ಬೆನ್ನನ್ನು ತಾನೇ ಸವರಿದಳು. ಎದೆಯೊಳಗೆ ಏನೂ ಇರಲಿಲ್ಲ. ಒಂದು ಮಾತು ಮಾತ್ರ ಇತ್ತು. ಮಣ್ಣು ಮಾಡುವುದರೊಳಗೆ ಅದನ್ನು ಅವಳು ಎಲ್ಲರೆದುರು ಹೇಳಲೇಬೇಕಿತ್ತು. ಕೇಳಬೇಕಾದವರು ಎದುರಿಗೇ ಕುರ್ಚಿಯಲ್ಲಿ ಕುಳಿತಿದ್ದರು, ಅತ್ತೆ ಶಕುಂತಲಮ್ಮ. ಅವರೂ ಅತ್ತಿರಲಿಲ್ಲ. ಮಗನ ಪಾದದ ಹತ್ತಿರ ಬಂದ ನೊಣವನ್ನು ಸೆರಗಿನಿಂದ ಓಡಿಸುತ್ತಿದ್ದರು, ಅಷ್ಟೇ.

"ಅತ್ತೆ," ಎಂದಳು ಮಾಲಿನಿ.

"ಏನವ್ವ?"

"ಕಾಫಿ ಬೇಕಾ?"

"ಬ್ಯಾಡ."

*

ಕಳೆದ ಅವರೆಕಾಯಿ ಸುಗ್ಗಿಯಲ್ಲಿ ಗಂಡ ಹೆಂಡತಿ ಹಿತ್ತಿಲಲ್ಲಿ ಕೂತು ಅವರೆಕಾಳು ಇಸುಕುತ್ತಿದ್ದರು. ಸಾವಿನ ಮಾತಿಗೆ ಆಗ ಕಾರಣವೇ ಇರಲಿಲ್ಲ. ಹಿಂದಿನ ದಿನ ಸಹೋದ್ಯೋಗಿಯೊಬ್ಬರ ಮಣ್ಣಿಗೆ ಹೋಗಿ ಬಂದಿದ್ದರು, ಅದೇ ನೆನಪು.

"ನಾನು ಮೊದ್ಲು ಹೋದ್ರೆ ಗುಂಡಿಗೆ ಅಂಜನ್‌ಕುಮಾರ ಇಳೀಲಿ ಕಣೇ," ಎಂದರು ಮೇಷ್ಟ್ರು.

ಮಾಲಿನಿ ಕೈ ನಿಲ್ಲಿಸಿದಳು. ಅವರ ಕಡೆ ಸತ್ತವರನ್ನು ಕೂರಿಸಿಯೇ ಹೂಳುತ್ತಾರೆ. ಗುಂಡಿಯ ಒಂದು ಪಕ್ಕಕ್ಕೆ ಗೂಡು ಕೊರೆದಿರುತ್ತಾರೆ. ಮನೆಯವನೊಬ್ಬ ಮೊದಲು ಕೆಳಗಿಳಿದು, ಮೇಲಿನಿಂದ ಇಳಿಸಿದವರನ್ನು ತೋಳಿನಲ್ಲಿ ಹಿಡಿದು ಗೂಡಿನಲ್ಲಿ ಕೂರಿಸಬೇಕು. ಮಗ, ಇಲ್ಲವೆಂದರೆ ಒಡಹುಟ್ಟಿದವನು. ಮೇಷ್ಟ್ರಿಗೆ ಇದ್ದದ್ದು ಮಗಳೊಬ್ಬಳೇ. ಹಾಗೆ ಇಳಿದವನನ್ನು ಆಮೇಲೆ ಯಾರೂ ಹೊರಗಿನವನೆನ್ನುವ ಹಾಗಿಲ್ಲ.

"ಅತ್ತೆ ಬಿಡ್ತಾರಾ? ನೀವೇ ಹೇಳಿ ಅವ್ರಿಗೆ."

"ಹೇಳ್ತೀನಿ."

ಮೇಷ್ಟ್ರ 'ಹೇಳ್ತೀನಿ' ಆ ಮನೆಯಲ್ಲಿ ಹೆಸರುವಾಸಿಯಾಗಿತ್ತು. ಮನೆ ಓನರಿಗೆ ನಲ್ಲಿ ರಿಪೇರಿ ಹೇಳ್ತೀನಿ, ಪ್ರಿನ್ಸಿಪಾಲರಿಗೆ ರಜೆ ಹೇಳ್ತೀನಿ. ನಲ್ಲಿ ಇವತ್ತಿಗೂ ಸೋರುತ್ತಿದೆ. ಮಾಲಿನಿಗೆ ಸಿಟ್ಟು ಬಂತು. ಒಳ್ಳೆಯ ಗಂಡಸು, ಆದರೆ ಕಷ್ಟದ ಮಾತನ್ನೆಲ್ಲ ಇನ್ನೊಬ್ಬರ ಬಾಯಿಗೆ ಬಿಟ್ಟುಹೋಗುವ ಗಂಡಸು.

*

ಅಂಜನ್‌ಕುಮಾರ್ ಯಾರೆಂದು ಇಡೀ ಬಳಗಕ್ಕೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೇಷ್ಟ್ರ ತಂದೆ ಅಡವಿಯಪ್ಪ ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರಿ. ಕಾಯಿ ಕೊಳ್ಳಲು ಕುಣಿಗಲ್ ಕಡೆ ಹೋಗಿಬಂದು ಮಾಡುತ್ತಾ ಅಮೃತೂರಿನಲ್ಲಿ ಪುಟ್ಟಗಂಗಮ್ಮ ಎಂಬಾಕೆಯೊಂದಿಗೆ ಇನ್ನೊಂದು ಸಂಸಾರ ಹೂಡಿದ್ದರು. ಆಕೆ ಅವರ ಜಾತಿಯವಳಲ್ಲ. ತಾಳಿಯೂ ಇರಲಿಲ್ಲ. ಅಂಜನ್‌ಕುಮಾರ್ ಆಕೆಯ ಮಗ, ಖಾಸಗಿ ಬಸ್ಸಿನ ಡ್ರೈವರ್. ಅವನು ಕೂಸಾಗಿದ್ದಾಗಲೇ ಅಡವಿಯಪ್ಪ ಆ ಕಡೆ ಹೋಗುವುದನ್ನು ಬಿಟ್ಟಿದ್ದರು.

ಅಡವಿಯಪ್ಪ ತೀರಿಕೊಂಡಾಗ ಅವನು ಗುಬ್ಬಿಗೆ ಬಂದು ತೋಟದ ಬೇಲಿಯ ಹೊರಗೆ ನಿಂತ. ಮೇಷ್ಟ್ರ ಚಿಕ್ಕಪ್ಪನ ಮಗ ಚನ್ನೇಶ್ ಎದೆ ಸೆಟೆಸಿಕೊಂಡು ಹೋಗಿ ಅಡ್ಡ ನಿಂತ.

"ಇವ್ನು ದೊಡ್ಡಪ್ಪನ ಮಗ ಅಂತ ಯಾವನ್ ಹೇಳ್ದ? ಡಿಎನ್‌ಎ ಟೆಸ್ಟ್ ಆಗ್ಲಿ. ಪ್ರಸಾದಣ್ಣ, ನಿಂದೇ ಅಲ್ವಾ ಆ ಕೆಲ್ಸ? ಕತ್ತರ್ಸಿ ನೋಡು, ಒಂದು ಇತ್ಯರ್ಥ ಆಗೋಗ್ಲಿ."

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಬೇಲಿಯ ಹೊರಗಿದ್ದವನೂ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಲ್ಯಾಬಲ್ಲಿ ಬ್ಯಾಕ್ಟೀರಿಯದ್ದು ಬಿಟ್ರೆ ಬೇರೆದ್ದು ನೋಡೋಕಾಗಲ್ಲ ಕಣೋ," ಎಂದರು. ನಾಲ್ಕು ಜನ ನಕ್ಕರು. ಮಾತು ಅಲ್ಲಿಗೆ ನಿಂತಿತು, ಅಂಜನ್‌ಕುಮಾರನೂ ಅಲ್ಲೇ ನಿಂತ.

ಶಕುಂತಲಮ್ಮ ಮಾತ್ರ ಅವನ ಬಳಿ ಹೋದರು. "ದೂರದಿಂದ ಬಂದಿದೀರಿ. ಊಟ ಮಾಡ್ಕಂಡು ಹೋಗಿ," ಎಂದರು. ಹೊಲದಾಳಿಗೂ ಏನ್ಲಾ ಎನ್ನುವ ಹೆಂಗಸು, ಹೆತ್ತ ಮಗನನ್ನು ಲೆಕ್ಚರರ್ ಆದ ಮೇಲೂ ಬಾರ್ಲಾ ಹೋಗ್ಲಾ ಎಂದೇ ಕರೆಯುವ ಹೆಂಗಸು, ಇಪ್ಪತ್ತು ದಾಟಿದ ಹುಡುಗನಿಗೆ ಬಹುವಚನ ಕೊಟ್ಟರು. ಮೀಟರ್ ರೀಡಿಂಗಿಗೆ ಬಂದವನಿಗೆ ಕೊಡುವ ಮರ್ಯಾದೆ ಅದು. ಬೈದಿದ್ದರೆ ಅವನು ಬಹುಶಃ ಊಟಕ್ಕೆ ನಿಲ್ಲುತ್ತಿದ್ದ.

*

ಅದಾಗಿ ಕೆಲವು ವರ್ಷಗಳ ಮೇಲೆ ಮೇಷ್ಟ್ರು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಅಂಜನ್‌ಕುಮಾರನ ಬಸ್ ಹತ್ತಿದರು. ಗೊತ್ತಿದ್ದೇ ಹತ್ತಿದರೋ ಗೊತ್ತಿಲ್ಲದೆಯೋ, ಮಾಲಿನಿಗೂ ಹೇಳಲಿಲ್ಲ. ಅಲ್ಲಿಂದ ಭಾನುವಾರ ಬಿಡುವಾದಾಗಲೆಲ್ಲ ಕುಣಿಗಲ್ ತನಕ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸಾಗುವುದು ರೂಢಿಯಾಯಿತು. ಡ್ರೈವರ್ ಪಕ್ಕ ಇಂಜಿನ್ ಮೇಲಿನ ಸೀಟು ಅವರದು. ಕೇಳಿದರೆ ತಾಯಿಗೆ "ವ್ಯಾಲ್ಯುಯೇಷನ್ ಇದೆ" ಎನ್ನುತ್ತಿದ್ದರು. ಭಾನುವಾರ ಎಂಥ ವ್ಯಾಲ್ಯುಯೇಷನ್ ಎಂದು ಶಕುಂತಲಮ್ಮ ಕೇಳಲಿಲ್ಲ.

ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ ಅಂಜನ್‌ಕುಮಾರನೇ ಕೇಳಿದ. "ಅದೇನ್ ಸಾರ್ ನಿಮ್ಮದು, ಕತ್ತರಿ ಅಂತಾರಲ್ಲ?"

"ಬ್ಯಾಕ್ಟೀರಿಯಾಕ್ಕೂ ಕಾಯಿಲೆ ಬರುತ್ತೆ ಕಣಪ್ಪ," ಎಂದರು ಮೇಷ್ಟ್ರು. "ವೈರಸ್ ಬಂದು ತನ್ನ ಡಿಎನ್‌ಎನ ಒಳಕ್ಕೆ ತೂರಿಸುತ್ತೆ. ಬ್ಯಾಕ್ಟೀರಿಯಾ ಸುಮ್ನೆ ಕೂರಲ್ಲ. ಅದರ ಹತ್ರ ಒಂದು ಕಿಣ್ವ ಇರುತ್ತೆ, ಅದೇ ಕತ್ತರಿ. ಒಳಕ್ಕೆ ಬಂದಿದ್ದನ್ನ ತುಂಡು ತುಂಡು ಮಾಡಾಕುತ್ತೆ."

"ತನ್ನದನ್ನೇ ಕತ್ತರಿಸ್ಕಂಡ್ರೆ?"

"ತನ್ನದರ ಮೇಲೆ ಗುರುತು ಹಾಕ್ಕೊಂಡಿರುತ್ತೆ. ಗುರುತು ಇರೋದನ್ನ ಮುಟ್ಟಲ್ಲ."

"ಗುರುತು ಇಲ್ದೋನ ಗತಿ?" ಎಂದ ಅಂಜನ್‌ಕುಮಾರ್, ರಸ್ತೆ ನೋಡುತ್ತಲೇ.

ಹೆಬ್ಬೂರು ದಾಟಿದ ಮೇಲೆ ಮೇಷ್ಟ್ರು ತಮ್ಮ ಬಿಳಿ ಟವೆಲನ್ನೂ ಗಾಜು ಒರೆಸುವ ಕೆಂಪು ಬಟ್ಟೆಯನ್ನೂ ತೊಡೆಯ ಮೇಲೆ ಹರಡಿಕೊಂಡರು. ಕ್ಲಾಸಿನಲ್ಲೂ ಅವರು ಹೀಗೆಯೇ ಎರಡು ಪಂಚೆ ಹಿಡಿದು ಪಾಠ ಮಾಡುತ್ತಿದ್ದರು.

"ಗುಬ್ಬಿ ಕೆರೆ ಕೆಸರಿನ ಬ್ಯಾಕ್ಟೀರಿಯಾದಲ್ಲಿ ನನಗೊಂದು ಕತ್ತರಿ ಸಿಕ್ತು. ಈ ಕತ್ತರಿ ಅನ್ನೋದು ಮಣಿಸರ ಇದ್ದಂಗೆ. ಅದನ್ನ ಹೊರದೇಶದ ಇನ್ನೊಂದು ಕತ್ತರಿ ಪಕ್ಕ ಇಟ್ಟು ಮಣಿಗೆ ಮಣಿ ನೋಡಿದೆ. ಯಾವುದೂ ಹೊಂದಲಿಲ್ಲ. ಇವೆರಡಕ್ಕೂ ಸಂಬಂಧ ಇಲ್ಲ, ಬಿಟ್ಟುಬಿಡಿ ಅಂದ್ರು ನಮ್ಮ ಗೈಡು. ನಾನು ಬಿಡಲಿಲ್ಲ. ಆ ಸರ ಹೆಂಗೆ ಮಡಚಿಕೊಂಡಿದೆ ಅಂತ ನೋಡೋಕೆ ಐದು ವರ್ಷ ಹಿಡೀತು." ಅವರು ಎರಡೂ ಬಟ್ಟೆಗಳನ್ನು ಒಂದೇ ಥರ ಮಡಚಿ ಒಂದರ ಪಕ್ಕ ಒಂದಿಟ್ಟರು. "ಮಡಿಕೆ ಒಂದೇ ಕಣಪ್ಪ. ನಡುಗಡೆ ಅದೇ ಪದರ, ಕತ್ತರಿಸೋ ಜಾಗನೂ ಅದೇ. ದೂರ ಆಗಿ ಕೋಟ್ಯಂತರ ವರ್ಷ ಆಗಿತ್ತು, ಮಣಿ ಎಲ್ಲ ಬದಲಾಗಿತ್ತು. ಮಡಿಕೆ ಮಾತ್ರ ಬಿಟ್ಟಿರಲಿಲ್ಲ. ಒಂದೇ ತಾಯಿ ಮಕ್ಕಳು ಅವು."

"ಒಂದೇ ತಂದೆ ಅಂತಾನೂ ಇರ್ಬಹುದಲ್ಲ ಸಾರ್?"

ಮೇಷ್ಟ್ರು ನಗಲಿಲ್ಲ. ಕುಣಿಗಲ್ಲಿನಲ್ಲಿ ಬಸ್ ನಿಂತಿತು. ಅಂಜನ್‌ಕುಮಾರ್ ಬೆವರು ಒರೆಸಿದ ಟವೆಲನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ತುದಿಯನ್ನು ಒಳಕ್ಕೆ ತಿರುಚಿ, ಎಡ ಹೆಗಲಿಗೆ ಹಾಕಿಕೊಂಡ. ಅಡವಿಯಪ್ಪ ಹಾಗೆ ಮಡಚುತ್ತಿದ್ದರು. ಅಂಜನ್‌ಕುಮಾರನಿಗೆ ಅಪ್ಪನನ್ನು ಸರಿಯಾಗಿ ನೋಡಿದ ನೆನಪೂ ಇರಲಿಲ್ಲ.

"ಅವತ್ತು ಟೆಸ್ಟು ಅಂದ್ರಲ್ಲ," ಎಂದರು ಮೇಷ್ಟ್ರು, ಇಳಿಯುತ್ತಾ. "ಬೇಕಾಗಿರಲಿಲ್ಲ ಕಣೋ."

ಬೇಲಿಯ ಬಳಿ ಹೇಳಬೇಕಾಗಿದ್ದ ಮಾತನ್ನು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದರು. ಕೇಳಿಸಿಕೊಂಡವನು ಒಬ್ಬನೇ. ಆದರೂ ಅವನಿಗೆ ಅಷ್ಟು ಸಾಕಾಯಿತು, ಅದು ಅವನ ದೊಡ್ಡತನ. ಸಾರ್ ಎನ್ನುವುದನ್ನು ಮಾತ್ರ ಅವನು ಬಿಡಲಿಲ್ಲ, ಮೇಷ್ಟ್ರು ಬಿಡು ಎನ್ನಲೂ ಇಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮಣ್ಣಿಗೆಂದು ಗುಬ್ಬಿಯ ತೋಟಕ್ಕೆ ಹೊರಡಬೇಕಿತ್ತು. ಮೇಷ್ಟ್ರನ್ನು ಕೂರಿಸಿಕೊಂಡು ಹೋಗಲು ಹೂವು ಕಟ್ಟಿದ ಟೆಂಪೋ ತಯಾರಿತ್ತು. ನೆಂಟರಿಗೆಂದು ಚನ್ನೇಶ್ ಹೇಳಿದ್ದ ವ್ಯಾನು ಮದುವೆ ಬಾಡಿಗೆ ಸಿಕ್ಕಿತೆಂದು ಕೈಕೊಟ್ಟಿತು. ಚನ್ನೇಶ್ ಫೋನಿನಲ್ಲಿ ಯಾರಿಗೋ ಬೈಯುತ್ತಿರುವಾಗಲೇ ರಸ್ತೆಯ ತಿರುವಿನಲ್ಲಿ ಖಾಲಿ ಬಸ್ಸೊಂದು ಬಂದು ನಿಂತಿತು. ಅಂಜನ್‌ಕುಮಾರ್ ಇಳಿದು ಬಂದ. ಈಗ ಅವನ ತಲೆಯೂ ನರೆಯುತ್ತಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟ, ಒಳಗೆ ಬರಲಿಲ್ಲ. ಕಿಟಕಿಯಿಂದ ಮೇಷ್ಟ್ರನ್ನು ನೋಡಿ ಕೈಮುಗಿದ.

"ಓನರನ್ನ ಕೇಳ್ಕಂಡು ತಂದೆ ಅಕ್ಕಾರೆ. ಜನ ಇರ್ತಾರಲ್ಲ ಅಂತ," ಎಂದ ಮಾಲಿನಿಗೆ.

ಚನ್ನೇಶನ ಮುಖ ಕಹಿಯಾಯಿತು. ಆದರೆ ಬಿಸಿಲು ಜೋರಿತ್ತು, ನೆಂಟರಿಗೆ ವಯಸ್ಸಾಗಿತ್ತು. ಹತ್ತಬಾರದು ಎಂದುಕೊಂಡವರೆಲ್ಲ ಕಿಟಕಿಯ ಸೀಟಿಗೆ ನುಗ್ಗಿ ಹತ್ತಿದರು. ಟೆಂಪೋದಲ್ಲಿ ಕುಲುಕಾಟ ಜಾಸ್ತಿ ಎಂದು ಶಕುಂತಲಮ್ಮನನ್ನೂ ಬಸ್ಸಿಗೇ ಹತ್ತಿಸಿದರು. ಮುಂದೆ ಖಾಲಿಯಿದ್ದದ್ದು ಇಂಜಿನ್ ಮೇಲಿನ ಸೀಟೊಂದೇ.

"ಒಸಿ ನಿಧಾನಕ್ಕೆ ಓಡ್ಸಿ," ಎಂದರು ಅವರು ಡ್ರೈವರಿಗೆ.

"ಆಗ್ಲಿ ಅಮ್ಮಾರೆ."

ಮಾಲಿನಿ ಹಿಂದಿನ ಸೀಟಿನಲ್ಲಿ ಕಾವ್ಯಳ ಪಕ್ಕ ಕುಳಿತಳು. ಈಗ ಹೇಳಲೇ ಎಂದುಕೊಂಡಳು. ಅತ್ತೆಯ ಬೆನ್ನು ಅಷ್ಟು ಹತ್ತಿರದಲ್ಲಿತ್ತು. ಕಾವ್ಯ ಕಣ್ಣೊರೆಸಿಕೊಳ್ಳುತ್ತಾ, "ಅಪ್ಪ ಐದು ವರ್ಷ ಮಾಡಿದ್ದನ್ನ ಈಗ ನಾವು ಟೀ ಕುಡಿಯೋದ್ರೊಳಗೆ ಕಂಪ್ಯೂಟರ್ ಮಾಡುತ್ತಂತೆ ಅಮ್ಮ. ಅವ್ರೇ ತೋರ್ಸಿದ್ರು ಮೊನ್ನೆ. ಎಷ್ಟು ಖುಷಿಯಾಗಿದ್ರು ಗೊತ್ತಾ?" ಎಂದಳು. "ಹೂಂ," ಎಂದಳು ಮಾಲಿನಿ. ಬಸ್ ಗುಬ್ಬಿ ಮುಟ್ಟಿತು. ಮಾತು ಗಂಟಲಲ್ಲೇ ಇತ್ತು. ಗಂಡನ ರೋಗ ತನಗೂ ಅಂಟಿದೆ ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

ತೋಟದಲ್ಲಿ ಅಡವಿಯಪ್ಪನ ಸಮಾಧಿಯ ಪಕ್ಕದಲ್ಲಿ ಗುಂಡಿ ತೆಗೆದಿದ್ದರು. ತೆಂಗಿನ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಶಕುಂತಲಮ್ಮನನ್ನು ಕೂರಿಸಿದರು. ಶಾಸ್ತ್ರ ಮಾಡಿಸುವ ಗುಂಡಯ್ಯನವರು ಗೂಡಿಗೆ ನೀರು ಚಿಮುಕಿಸಿ, ಮಂತ್ರ ಹೇಳಿ, ತಲೆ ಎತ್ತಿದರು.

"ಒಳಕ್ಕಿಳಿಯೋರು ಯಾರು?"

ಚನ್ನೇಶ್ ವಾಚು ಬಿಚ್ಚಿ ಇನ್ನೊಬ್ಬನ ಕೈಗೆ ಕೊಟ್ಟು ಪಂಚೆ ಎತ್ತಿಕಟ್ಟಿದ.

"ಅವ್ರು ಅಂಜನ್‌ಕುಮಾರ್ ಇಳೀಬೇಕು ಅಂದಿದ್ರು," ಎಂದಳು ಮಾಲಿನಿ. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ, ಹಾಜರಿ ಕೂಗಿದಂತಿತ್ತು.

"ಯಾರು ಅಂದಿದ್ದು?"

"ನಿಮ್ಮಣ್ಣ."

"ಅತ್ಗೆ, ನಿಮ್ಗೆ ಈಗ ತಲೆ ಓಡ್ತಿಲ್ಲ. ಕೂತ್ಕಳಿ."

"ಓಡ್ತಿಲ್ಲ, ನಿಜ. ಇದೊಂದು ಜ್ಞಾಪಕ ಇದೆ."

ಗುಸುಗುಸು ಎದ್ದಿತು. ಚನ್ನೇಶ್ ಗುಂಡಯ್ಯನವರ ಕಡೆ ತಿರುಗಿದ. "ಮೈಮೇಲೆ ಲಿಂಗ ಇಲ್ದೋನು ಇಳಿದ್ರೆ ಶಾಸ್ತ್ರ ಒಪ್ತದಾ ಅಯ್ನೋರೆ? ನೀವೇ ಹೇಳಿ."

ಗುಂಡಯ್ಯನವರು ಇಂಥ ಜಗಳ ಬಹಳ ಕಂಡವರು. ತೀರ್ಪು ಕೊಟ್ಟು ಯಾವ ಮನೆಯನ್ನೂ ಕಳೆದುಕೊಂಡವರಲ್ಲ. "ಮನೆ ಹಿರೇರು ಹೂಂ ಅಂದ್ರೆ ನಾನ್ ಬ್ಯಾಡ ಅನ್ನಲ್ಲ," ಎಂದರು.

ಎಲ್ಲರೂ ಕುರ್ಚಿಯ ಕಡೆ ನೋಡಿದರು. ಶಕುಂತಲಮ್ಮ ಮಾಲಿನಿಯನ್ನು ನೋಡುತ್ತಿದ್ದರು.

"ನಂಗ್ಯಾಕೆ ಹೇಳ್ಲಿಲ್ಲ ಅವ್ನು?"

"ಹೇಳ್ತೀನಿ ಅಂತಿದ್ರು ಅತ್ತೆ."

"ಹೂಂ. ಹೇಳ್ತೀನಿ ಅಂತಾನೇ ಇದ್ದ."

ಗುಂಡಿಯ ಅಂಚಿನ ಮಣ್ಣು ಒಣಗುತ್ತಿತ್ತು. ಜನದ ಹಿಂದೆ ನಿಂತಿದ್ದ ಅಂಜನ್‌ಕುಮಾರನೇ ಕೊನೆಗೆ ಬಾಯಿಬಿಟ್ಟ. "ಬ್ಯಾಡ ಬುಡಿ ಅಮ್ಮಾರೆ. ಇವತ್ತು ಮಾತು ಬೆಳೆಯಾದು ಬ್ಯಾಡ. ನಾನು ಬಸ್ಸಲ್ಲಿರ್ತೀನಿ." ಅವನು ತಿರುಗಿ ಬೇಲಿಯ ಕಡೆ ಹೆಜ್ಜೆ ಹಾಕಿದ.

"ಎಲ್ಲಿಗ್ಲಾ ಹೋಗ್ತೀಯ?"

ಚನ್ನೇಶ್ ಬೆಚ್ಚಿ, "ಇಲ್ಲೇ ಇದೀನಲ್ಲ ದೊಡ್ಡಮ್ಮ," ಎಂದ.

"ನಿಂಗಲ್ಲ."

ಅಂಜನ್‌ಕುಮಾರ್ ನಿಂತ. ತಿರುಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿಂಗೇ ಕಣ್ಲಾ ಹೇಳ್ತಿರಾದು. ಚಪ್ಲಿ ಬುಟ್ಟು ಇಳಿ. ಅವ್ನು ಬೆಳಗ್ನಿಂದ ಕೂತವ್ನೆ."

ಅವನು ಅಂಗಿ ಕಳಚಿ ಬೇಲಿಗೆ ಹಾಕಿ ಗುಂಡಿಗಿಳಿದ. ಮೇಲಿನವರು ಮೇಷ್ಟ್ರನ್ನು ಬಟ್ಟೆಯಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೆಳಗೆ ಬಿಟ್ಟರು. ಅಂಜನ್‌ಕುಮಾರ್ ಎರಡೂ ತೋಳು ಚಾಚಿ ತಬ್ಬಿ ಹಿಡಿದ. ಅಷ್ಟು ಭಾನುವಾರ ಅಕ್ಕಪಕ್ಕ ಕೂತವರು ಒಮ್ಮೆಯೂ ಕೈ ಕುಲುಕಿದವರಲ್ಲ. ಮೇಷ್ಟ್ರ ಗಲ್ಲ ಅವನ ಹೆಗಲಿಗೆ ತಾಗಿ ನಿಂತಿತು. ಗೂಡಿನಲ್ಲಿ ಕೂರಿಸಿದ ಮೇಲೂ ದೇಹ ಮುಂದಕ್ಕೆ ವಾಲುತ್ತಿತ್ತು.

"ಎದೆ ಮಟ್ಟಕ್ಕೆ ತುಂಬೋತಂಕ ಹಂಗೇ ಹಿಡ್ಕಂಡಿರಪ್ಪ," ಎಂದರು ಗುಂಡಯ್ಯನವರು.

ಅವನು ಮಂಡಿಯೂರಿ ಹಿಡಿದುಕೊಂಡ. ಮೇಲಿನಿಂದ ಪತ್ರೆ ಬಿತ್ತು, ಉಪ್ಪು ಬಿತ್ತು. ಚನ್ನೇಶ್ ವಿಭೂತಿಯ ಚೀಲದ ಬಾಯಿ ಬಿಚ್ಚಿದ. ಅವನಿಗಿನ್ನೂ ಸಿಟ್ಟು ಇಳಿದಿರಲಿಲ್ಲ, ದಬದಬನೆ ಸುರಿದ. ಬಿಳಿ ಧೂಳು ಗುಂಡಿಯ ತುಂಬ ಎದ್ದಿತು. ಮಾಲಿನಿ ಅಂಚಿಗೆ ಬಂದು ಬಗ್ಗಿ ನೋಡಿದಳು. ಶಕುಂತಲಮ್ಮ ಕುರ್ಚಿಯಿಂದ ಎದ್ದು, ಸೊಸೆಯ ಹೆಗಲು ಹಿಡಿದು ತಾವೂ ಬಗ್ಗಿದರು.

"ಮೆಲ್ಲುಕ್ಕೆ ಸುರೀಲಾ," ಎಂದು ಗದರಿದರು. "ಕಣ್ಣಿಗೆ ಬಿದ್ದಾತು."

ಚನ್ನೇಶ್ ಕೈ ತಡೆದ. ಧೂಳು ನಿಧಾನವಾಗಿ ಕೂತಿತು. ಕೆಳಗೆ ಒಂದಕ್ಕೊಂದು ಒರಗಿದ ಎರಡು ಬಿಳಿಯ ತಲೆಗಳು ಕಂಡವು. ಅದರಲ್ಲಿ ಒಂದು ಕೆಮ್ಮಿತು.